ಕಿರುಗುಟ್ಟಿದ್ದಕ್ಕೆಲ್ಲ ಎಣ್ಣೆ

ಪ್ರೆಸ್ಸು ಮುಚ್ಚಿದಾಗ ಮಷೀನ್‌ಮ್ಯಾನ್ ಮನೆಗೆ ತಂದದ್ದು ಎರಡೇ: ಮೂರು ತಿಂಗಳ ಸಂಬಳ, ಒಂದು ಎಣ್ಣೆಡಬ್ಬಿ. ಸಂಬಳ ಮೂರು ತಿಂಗಳೂ ಬಾಳಲಿಲ್ಲ. ಎಣ್ಣೆಡಬ್ಬಿ ಉಳಿಯಿತು. ಕೊಕ್ಕರೆಯ ಕೊಕ್ಕಿನಂಥ ಮೂತಿ, ಬುಡ ಅದುಮಿದರೆ ಟಿಕ್ ಎಂದು ಒಂದೇ ಹನಿ. ಮೂವತ್ತೊಂದು ವರ್ಷ ಅವನು ಬೆಳಗಾದರೆ ಅಚ್ಚಿನ ಯಂತ್ರಕ್ಕೆ ಒಂದು ಸುತ್ತು ಬಂದು, ಸ್ವಿಚ್ಚಿಗೆ ಕೈ ಹಾಕುವ ಮೊದಲು ಕೀಲು ಕೀಲಿಗೂ ಎಣ್ಣೆ ಬಿಟ್ಟಿದ್ದ. ಯಂತ್ರ ಕಿರುಗುಟ್ಟಿದರೆ ಮಷೀನ್‌ಮ್ಯಾನ್ ನಿದ್ದೆ ಹೊಡೆಯುತ್ತಿದ್ದಾನೆ ಎಂದೇ ಅಲ್ಲಿ ಅರ್ಥ. ಅವನ ಯಂತ್ರ ಕಿರುಗುಟ್ಟಿದ್ದನ್ನು ಕೇಳಿದವರಿಲ್ಲ. ಗುಜರಿಯವರು ಬಂದು ಎಳೆದುಕೊಂಡು ಹೋದಾಗಲೂ ಅದು ಸದ್ದಿಲ್ಲದೆ ಹೋಯಿತು.

ಐವತ್ತಮೂರು ವರ್ಷದವನಿಗೆ, ಅದೂ ಗುಜರಿಗೆ ಹೋದ ಒಂದು ಯಂತ್ರ ಬಿಟ್ಟರೆ ಬೇರೇನೂ ಗೊತ್ತಿಲ್ಲದವನಿಗೆ, ಯಾರು ಕೆಲಸ ಕೊಡುತ್ತಾರೆ? ಯಾರೂ ಕೊಡಲಿಲ್ಲ. ಮನೆ ನಡೆಯುತ್ತಿದ್ದದ್ದು ಹೆಂಡತಿಯ ಸಂಬಳದಲ್ಲಿ. ಅವಳು ನೀರು ಸರಬರಾಜು ಕಚೇರಿಯಲ್ಲಿ ದೂರು ಬರೆದುಕೊಳ್ಳುವ ಕಿಟಕಿಯ ಹಿಂದೆ ಕೂರುವವಳು. ನಲ್ಲಿಯಲ್ಲಿ ನೀರಿಲ್ಲ, ನೀರಲ್ಲಿ ಕೆಸರು, ಪೈಪು ಒಡೆದು ವಾರವಾಯಿತು, ಬಿಲ್ಲು ದುಪ್ಪಟ್ಟು ಬಂದಿದೆ ಎಂದು ದಿನಕ್ಕೆ ನೂರು ಜನ ಬಂದು ಅವಳ ಮುಖದ ಮೇಲೆ ಕೂಗಾಡಿ ಹೋಗುತ್ತಿದ್ದರು. ಅಷ್ಟನ್ನೂ ಕೇಳಿಸಿಕೊಂಡು ಬರುವವಳು ಮನೆಯಲ್ಲಿ ಒಂದೇ ಒಂದು ದೂರು ಹೇಳಿದವಳಲ್ಲ. ತನ್ನ ಮೇಲೆ ಅವಳಿಗೆ ದೂರೇ ಇಲ್ಲ ಎಂದು ಗಂಡ ತಿಳಿದಿದ್ದ. ಗಂಡಂದಿರು ಹಾಗೇ ತಿಳಿಯುತ್ತಾರೆ.

ಅವಳು ಕಚೇರಿಗೆ ಹೋಗುತ್ತಿದ್ದದ್ದು ಹದಿನಾಲ್ಕು ವರ್ಷದ ಒಂದು ಸಣ್ಣ ಕಾರಿನಲ್ಲಿ. ಇವರ ಕೈಗೆ ಬರುವ ಮೊದಲೇ ಅದು ಇಬ್ಬರ ಕೈ ದಾಟಿತ್ತು. ಪ್ರೆಸ್ಸು ಮುಚ್ಚಿದ ತಿಂಗಳೇ ಅದು ಕೆಟ್ಟು ನಿಂತಿತು. ಗ್ಯಾರೇಜಿನವನು ಕೊಟ್ಟ ಬಿಲ್ಲನ್ನು ಮಷೀನ್‌ಮ್ಯಾನ್ ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಸಾಮಾನಿಗೆ ಒಂದು ಪಾಲು, ಕೂಲಿಗೆ ಮೂರು ಪಾಲು. ಅವನ ಹೊಟ್ಟೆ ಉರಿದುಹೋಯಿತು.

"ಅವನಿಗಿರೋ ಎರಡು ಕೈ ನನಗೂ ಇದೆ. ಇನ್ಮೇಲೆ ಈ ಗಾಡಿಗೆ ಹೊರಗಿನವರ ಕೈ ತಾಗಬಾರದು," ಅಂದ.

"ನಿಮ್ಮಪ್ಪನೂ ಹೀಗೇ ಕಣೋ," ಎಂದಳು ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಅವನ ತಾಯಿ. "ಗಡಿಯಾರ ನಾನೇ ರಿಪೇರಿ ಮಾಡ್ತೀನಿ ಅಂತ ಬಿಚ್ಚಿ ಹರಡಿದ. ಆರು ತಿಂಗಳು ನಮ್ಮನೇಲಿ ಹೊತ್ತೇ ಆಗಲಿಲ್ಲ."

ಹೆಂಡತಿ ನಗಲಿಲ್ಲ. "ಆಯ್ತು ಬಿಡಿ, ನೀವೇ ನೋಡ್ಕೊಳ್ಳಿ," ಅಂದಳು.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಅವನಿಗೆ ಕಾರಿನ ಹುಚ್ಚೇನೂ ಇರಲಿಲ್ಲ. ದುಡ್ಡಿನ ಮೇಲೂ ಅಂಥಾ ಆಸೆಯಿರಲಿಲ್ಲ. ಹೆಂಡತಿ ದುಡಿದು ತಂದದ್ದನ್ನು ತಿಂದು ಕೂತಿರುವ ದಂಡಪಿಂಡ ತಾನಲ್ಲ ಎಂದು ಅವನಿಗೆ ತೋರಿಸಬೇಕಿತ್ತು. ಅವಳಿಗೆ ತೋರಿಸಬೇಕಿತ್ತು, ಅದಕ್ಕಿಂತ ಹೆಚ್ಚಾಗಿ ತನಗೇ ತೋರಿಸಿಕೊಳ್ಳಬೇಕಿತ್ತು. ತರಲಾರದವನು ಉಳಿಸಬಹುದಲ್ಲ. ಅವನಿಗೆ ಉಳಿದಿದ್ದ ದಾರಿ ಅದೊಂದೇ, ಮತ್ತು ಅದು ಮನೆಯ ಮುಂದಿನ ಸಿಮೆಂಟು ಅಂಗಳದಲ್ಲಿ ನಾಲ್ಕು ಚಕ್ರದ ಮೇಲೆ ನಿಂತಿತ್ತು.

ಮೊದಲು ಎಂಜಿನ್ ಆಯಿಲ್ ಬದಲಾಯಿಸಿದ. ಅಂಗಳದ ತುಂಬ ಕರಿ ಎಣ್ಣೆ ಹರಿದು, ಒರೆಸುವುದಕ್ಕೆ ಎರಡು ಹಳೆಯ ಬೆಡ್‌ಶೀಟು ಹಿಡಿಯಿತು. ಆದರೂ ಉಳಿತಾಯವೇ. ಆಮೇಲೆ ಏರ್ ಫಿಲ್ಟರ್. ಊಟಕ್ಕೆ ಕೂತಾಗ ಅವನು ತಟ್ಟೆಯಿಂದ ತಲೆ ಎತ್ತದೆ, ಏನೋ ನೆನಪಾದವನ ಹಾಗೆ, "ಇವತ್ತು ಒಂದು ವಾರದ ದಿನಸಿಯಷ್ಟು ಉಳೀತು," ಅನ್ನುತ್ತಿದ್ದ. ಅವಳು "ಒಳ್ಳೇದಾಯ್ತು," ಅನ್ನುತ್ತಿದ್ದಳು. ಆ ಒಂದು ಮಾತಿಗೆ ಅವನಿಗೆ ಎರಡು ತುತ್ತು ಹೆಚ್ಚು ಸೇರುತ್ತಿತ್ತು.

ಮೂರನೆಯ ತಿಂಗಳಲ್ಲಿ ಮುಂದಿನ ಬ್ರೇಕಿನ ಪ್ಯಾಡು ಸವೆದವು. ಚಕ್ರದ ಒಳಗೆ ಊಟದ ತಟ್ಟೆಯಷ್ಟು ಅಗಲದ ಒಂದು ಉಕ್ಕಿನ ಬಿಲ್ಲೆ ಇರುತ್ತದೆ. ಬ್ರೇಕ್ ತುಳಿದಾಗ ಎರಡು ಪ್ಯಾಡು ಆ ಕಡೆ ಈ ಕಡೆಯಿಂದ ಅದನ್ನು ಕಚ್ಚಿ ಹಿಡಿಯುತ್ತವೆ, ಗಾಡಿ ನಿಲ್ಲುತ್ತದೆ. ಇಷ್ಟೇ ವಿದ್ಯೆ. ಮಷೀನ್‌ಮ್ಯಾನ್ ಅಂಗಡಿಯಿಂದ ಬೆನ್ನಿಗೆ ಹಳದಿ ಬಣ್ಣ ಬಳಿದ ಹೊಸ ಪ್ಯಾಡು ತಂದ. ಜಾಕು ಕೊಟ್ಟ, ಚಕ್ರ ಬಿಚ್ಚಿದ, ಹಿಂದಿನ ಎರಡು ಬೋಲ್ಟು ತೆಗೆದು ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಿದ. ಬೆಳಿಗ್ಗೆ ಹಿಡಿದ ಕೆಲಸ ಮಧ್ಯಾಹ್ನ ಮುಗಿಯಿತು. ಗೆಣ್ಣು ಸುಲಿದಿತ್ತು, ಸೊಂಟ ಹಿಡಿದಿತ್ತು, ಮನಸ್ಸು ಮಾತ್ರ ಹಗುರವಾಗಿತ್ತು.

ಗಾಡಿಯನ್ನು ಬೀದಿಗೆ ತೆಗೆದು ಬ್ರೇಕ್ ತುಳಿದರೆ, ಕಿರ್ರ್. ಮತ್ತೆ ತುಳಿದ. ಕಿರ್ರ್. ಎದುರು ಮನೆಯವರು ಕಿಟಕಿಯಿಂದ ಇಣುಕಿದರು. ಹೊಸ ಪ್ಯಾಡು ಎರಡು ದಿನ ಕಿರುಗುಡುತ್ತವೆ, ಆಮೇಲೆ ತಾವೇ ಸುಮ್ಮನಾಗುತ್ತವೆ ಎಂದು ಅವನಿಗೆ ಹೇಳುವವರು ಯಾರಿದ್ದರು? ಮೂವತ್ತೊಂದು ವರ್ಷದ ಅಭ್ಯಾಸ ಅವನನ್ನು ಕೈಹಿಡಿದು ಒಳಗೆ ಕರೆದುಕೊಂಡು ಹೋಯಿತು. ಎಣ್ಣೆಡಬ್ಬಿ ತಂದ. ಉದ್ದ ಮೂತಿಯನ್ನು ಚಕ್ರದ ಸಂದಿಯಲ್ಲಿ ತೂರಿಸಿ ಪ್ಯಾಡಿಗೂ ಬಿಲ್ಲೆಗೂ ನಡುವೆ ಟಿಕ್ ಟಿಕ್ ಟಿಕ್. ಆಚೆ ಚಕ್ರಕ್ಕೂ ಅಷ್ಟೇ. ನಡಿಗೆಯ ವೇಗದಲ್ಲಿ ಬೀದಿಯ ಆ ತುದಿಗೆ ಹೋಗಿ ಬಂದ. ತುಳಿದರೆ ಗಾಡಿ ನಿಂತಿತು, ಸದ್ದೂ ನಿಂತಿತ್ತು. ಅವನು ತನ್ನ ಬೆನ್ನು ತಾನೇ ತಟ್ಟಿಕೊಂಡ.

ಬಲ್ಲವರು ಇಷ್ಟು ಹೊತ್ತಿಗೆ ಹಣೆ ಚಚ್ಚಿಕೊಂಡಿರುತ್ತಾರೆ. ಬ್ರೇಕು ನಿಲ್ಲಿಸುವುದೇ ಉಜ್ಜುವುದರಿಂದ. ಉಜ್ಜುವ ಜಾಗಕ್ಕೆ ಎಣ್ಣೆ ಬಿಟ್ಟರೆ ಅದು ಏನನ್ನು ಉಜ್ಜೀತು? ಮೆಲ್ಲಗೆ ಹೋಗುವಾಗ ಹಿಂದಿನ ಚಕ್ರಗಳ ಪುಣ್ಯದಿಂದ ಹೇಗೋ ನಿಲ್ಲುತ್ತದೆ, ವೇಗದಲ್ಲಿ ನಿಲ್ಲುವುದಿಲ್ಲ. ಕೂತು ಒಂದು ನಿಮಿಷ ಯೋಚಿಸಿದ್ದರೆ ಇದು ಅವನಿಗೂ ಹೊಳೆಯುತ್ತಿತ್ತು, ದಡ್ಡನಲ್ಲ. ಆದರೆ ಸದ್ದು ಕೇಳಿದರೆ ಎಣ್ಣೆ ಬಿಡುವುದಕ್ಕೆ ಅವನು ಎಂದೂ ಯೋಚಿಸಿದವನೇ ಅಲ್ಲ.

ಮಾರನೆಯ ದಿನ ಹೆಂಡತಿ ಗಾಡಿ ತೆಗೆದುಕೊಂಡು ಹೋದಳು. ಸಂಜೆ ಒಂದೂವರೆ ಗಂಟೆ ತಡವಾಗಿ ಬಂದಳು. ಮುಖ ಬಿಳುಚಿಕೊಂಡಿತ್ತು. ಚಪ್ಪಲಿ ಬಿಟ್ಟವಳು ಗೋಡೆಗೆ ಕೈ ಕೊಟ್ಟು ಒಂದು ಗಳಿಗೆ ನಿಂತಳು.

"ಸದ್ದು ನಿಂತಿದೆ ತಾನೇ?" ಎಂದು ಕೇಳಿದ ಇವನು.

"ನಿಂತಿದೆ," ಅಂದಳು. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗೆ ನಲ್ಲಿ ಬಹಳ ಹೊತ್ತು ಸುರಿಯಿತು. ಕಿಟಕಿಯಲ್ಲಿ ಇವತ್ತು ಜನ ಜಾಸ್ತಿ ಇದ್ದಿರಬೇಕು ಅಂದುಕೊಂಡ.

ಅಲ್ಲಿಂದಾಚೆಗೆ ಅವನ ಕೈ ಕುದುರಿತು. ಸ್ಪಾರ್ಕ್ ಪ್ಲಗ್ ಬದಲಾಯಿಸಿದ. ರೇಡಿಯೇಟರಿನ ಸೋರುವ ರಬ್ಬರ್ ಹೋಸು, ಫ್ಯಾನ್ ಬೆಲ್ಟು, ತುಕ್ಕು ಹಿಡಿದ ಬ್ಯಾಟರಿ ಕ್ಲಾಂಪು, ವೈಪರ್ ಮೋಟರು, ನೇತಾಡುತ್ತಿದ್ದ ಸೈಲೆನ್ಸರು, ಕ್ಲಚ್ಚಿನ ಕೇಬಲ್ಲು, ಎಲ್ಲಕ್ಕೂ ಕೈ ಹಾಕಿದ. ಐದು ತಿಂಗಳಲ್ಲಿ ಏಳು ಕೆಲಸ. ಪ್ರತಿ ಕೆಲಸಕ್ಕೂ ಮೊದಲು ಓದಿದ, ಅಳತೆ ನೋಡಿದ, ಬಿಚ್ಚಿದ ಸಾಮಾನನ್ನು ಬಿಚ್ಚಿದ ಕ್ರಮದಲ್ಲೇ ಹಳೆಯ ಪತ್ರಿಕೆಯ ಮೇಲೆ ಜೋಡಿಸಿಟ್ಟ. ಅಚ್ಚಿನ ಮನೆಯಲ್ಲಿ ಕಲಿತ ಶಿಸ್ತು ಅದು.

ಇನ್ನೊಂದು ಬದಲಾವಣೆಯೂ ಆಗಿತ್ತು. ಅವನ ಕೆಲಸದ ಬಗ್ಗೆ ಹೆಂಡತಿ ವಿಚಾರಿಸತೊಡಗಿದ್ದಳು.

"ಇವತ್ತು ಎಲ್ಲೆಲ್ಲಿ ಕೈ ಹಾಕಿದ್ರಿ?" ಎಂದು ಊಟದ ಹೊತ್ತಿಗೆ ಕೇಳುವಳು.

ಅವನು ಸಾದ್ಯಂತ ಹೇಳುವನು. ಯಾವ ಬೋಲ್ಟು, ಎಷ್ಟು ಬಿಗಿ, ಯಾವ ಕಡೆಯ ಕ್ಲಿಪ್ಪು. ಅವಳು ಕಿವಿಗೊಟ್ಟು ಕೇಳುವಳು. "ಎಡಗಡೆದಾ, ಬಲಗಡೆದಾ?" ಎಂದು ಮಧ್ಯೆ ಕೇಳುವಳು. ಒಮ್ಮೆ ಹಾಲಿನ ಚೀಟಿಯ ಹಿಂದೆ ಬರೆದುಕೊಂಡದ್ದೂ ಉಂಟು. ಇಂಥ ಹೆಂಡತಿ ಎಷ್ಟು ಜನರಿಗೆ ಸಿಗುತ್ತಾಳೆ ಎಂದು ಅವನು ಒಳಗೊಳಗೇ ಉಬ್ಬಿಹೋದ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಪ್ರೆಸ್ಸಿನ ಯಂತ್ರದ ಬಗ್ಗೆ ಅವಳು ಒಂದು ಪ್ರಶ್ನೆ ಕೇಳಿದವಳಲ್ಲ.

ಎಂಟನೆಯ ತಿಂಗಳ ಒಂದು ಶನಿವಾರ. ಗಾಡಿಯನ್ನು ಪೂರ್ತಿ ಒಂದು ಸಲ ನೋಡಬೇಕು ಎಂದು ಇವನು ಕೇಳಿಕೊಂಡಿದ್ದರಿಂದ ಹೆಂಡತಿ ಅವತ್ತು ಜೊತೆಯವಳೊಬ್ಬಳ ಗಾಡಿಯಲ್ಲಿ ಕೆಲಸಕ್ಕೆ ಹೋಗಿದ್ದಳು. ಮಷೀನ್‌ಮ್ಯಾನ್ ಮುಂದಿನ ಚಕ್ರ ಬಿಚ್ಚಿದ. ಪ್ಯಾಡು ಎಷ್ಟು ಸವೆದಿವೆ ನೋಡೋಣ ಎಂದು ಬಗ್ಗಿದವನು ಬಗ್ಗಿದಂತೇ ಇದ್ದುಬಿಟ್ಟ.

ಪ್ಯಾಡಿನ ಬೆನ್ನು ಕಪ್ಪಗಿತ್ತು. ಇವನು ಹಾಕಿದ್ದು ಹಳದಿ.

ಬಣ್ಣ ಹೋಗಿರಬಹುದು ಎಂದು ಉಗುರಿನಿಂದ ಕೆರೆದು ನೋಡಿದ. ಕಪ್ಪಿನ ಕೆಳಗೆ ಕಬ್ಬಿಣವೇ ಹೊರತು ಹಳದಿಯಿಲ್ಲ. ಕಂಪನಿಯ ಗುರುತೇ ಬೇರೆ. ಹಿಂದಿನ ಎರಡು ಬೋಲ್ಟಿನ ಮೇಲೂ ಒಂದೊಂದು ಬಿಳಿ ಗೀಟಿತ್ತು. ಸಣ್ಣ ಕುಂಚದಿಂದ ಎಳೆದದ್ದು, ಅರ್ಧ ಬೋಲ್ಟಿನ ತಲೆಯ ಮೇಲೆ, ಅರ್ಧ ಪಕ್ಕದ ಕಬ್ಬಿಣದ ಮೇಲೆ. ಬೋಲ್ಟು ಒಂದು ಕೂದಲು ಸಡಿಲವಾದರೂ ಗೀಟು ಮುರಿದು ಗೊತ್ತಾಗುತ್ತದೆ. ಕಸುಬು ಬಲ್ಲವನ ಗುರುತು.

ಎದ್ದು ಬಾನೆಟ್ ಎತ್ತಿದ. ಹೋಸಿನ ಕ್ಲಿಪ್ಪಿನ ಮೇಲೆ ಬಿಳಿ ಗೀಟು. ಬ್ಯಾಟರಿ ಕ್ಲಾಂಪಿನ ನಟ್ಟಿನ ಮೇಲೆ ಬಿಳಿ ಗೀಟು. ಬೆಲ್ಟು ಬಿಗಿ ಮಾಡುವ ಬೋಲ್ಟಿನ ಮೇಲೆ, ವೈಪರ್ ಮೋಟರಿನ ಮೂರು ಸ್ಕ್ರೂಗಳ ಮೇಲೆ. ಇವನ್ನು ಹಿಂದೆ ನೋಡಿರಲಿಲ್ಲವೆಂದಲ್ಲ. ಪಕ್ಕದ ಮನೆಯವರು ಗೋಡೆಗೆ ಬಣ್ಣ ಬಳಿಸಿದಾಗ ಸಿಡಿದದ್ದು ಎಂದುಕೊಂಡಿದ್ದ. ಈಗ ಬಗ್ಗಿ ಗಾಡಿಯ ಹೊಟ್ಟೆಯ ಕೆಳಗೆ ಟಾರ್ಚು ಬಿಟ್ಟರೆ ಸೈಲೆನ್ಸರಿನ ಬ್ರಾಕೆಟ್ಟಿನ ಮೇಲೂ ಅದೇ. ಬ್ರೇಕಿನ ಕೆಲಸದಿಂದೀಚೆಗೆ ಇವನು ಕೈ ಹಾಕಿದ ಒಂದು ಜಾಗವೂ ಬಿಟ್ಟುಹೋಗಿರಲಿಲ್ಲ. ಇವನು ಕೈ ಹಾಕದ ಒಂದು ಜಾಗದಲ್ಲೂ ಗೀಟಿರಲಿಲ್ಲ.

ಎಡಗಡೆದಾ, ಬಲಗಡೆದಾ ಎಂದು ಅವಳು ಕೇಳುತ್ತಿದ್ದದ್ದು ಯಾಕೆಂದು ಅವನಿಗೆ ಆಗ ಅರ್ಥವಾಯಿತು. ಅಂಗಳದಲ್ಲೇ ಕುಕ್ಕರಿಸಿದ. ನಾಚಿಕೆಯಿಂದ ಅವನ ಕಿವಿ ಬಿಸಿಯಾದವು. ಐದು ತಿಂಗಳು ತಾನು ಮಾಡಿದ್ದನ್ನೆಲ್ಲ ಯಾವನೋ ಬಿಚ್ಚಿ, ಸರಿಮಾಡಿ, ಗೀಟು ಎಳೆದು ಕಳಿಸಿದ್ದಾನೆ. ಅವಳು ಅದಕ್ಕೂ ದುಡ್ಡು ತೆತ್ತು, ಮನೆಗೆ ಬಂದು "ಒಳ್ಳೇದಾಯ್ತು" ಅಂದಿದ್ದಾಳೆ. ಉಳಿಸಿದ್ದು ದೇವರಿಗೇ ಪ್ರೀತಿ, ತಾನು ಅವಳಿಂದ ದುಪ್ಪಟ್ಟು ಖರ್ಚು ಮಾಡಿಸಿದ್ದಾನೆ.

"ಏನೋ, ಮುಖ ಯಾಕೋ ಹಾಗಿದೆ?" ಎಂದಳು ತಾಯಿ ಒಳಗಿಂದ.

"ಬಿಸಿಲು."

"ಮೋಡ ಕಟ್ಟಿದೆಯಲ್ಲೋ."

ಅವನು ಚಕ್ರ ಕೂರಿಸಿ, ಕೈ ತೊಳೆದು, ಗಾಡಿ ತೆಗೆದ. ಹೆಂಡತಿಯ ಕಚೇರಿಯ ದಾರಿಯಲ್ಲಿ ಗ್ಯಾರೇಜು ಇರುವುದು ಎರಡೇ. ಮೊದಲನೆಯವನು ಬರೀ ಟೈರಿನವನು. ಎರಡನೆಯದು ನೀರು ಕಚೇರಿಯ ಹಿಂದಿನ ಗಲ್ಲಿಯಲ್ಲಿ, ತಗಡಿನ ಮಾಡಿನ ಉದ್ದನೆಯ ಷೆಡ್ಡು. ಬಾಗಿಲ ಬಳಿ ಗಾಡಿ ನಿಲ್ಲಿಸಿದ್ದೇ ತಡ, ಒಬ್ಬ ಬಡಕಲು ಮೇಸ್ತ್ರಿ ಬಟ್ಟೆಯ ಚೂರಿಗೆ ಕೈ ಒರೆಸುತ್ತ ಹೊರಗೆ ಬಂದ. ಅಂಗಿಯ ಜೇಬಿನಲ್ಲಿ ಪೆನ್ನಿನ ಜಾಗದಲ್ಲಿ ಹೆಂಗಸರು ಉಗುರಿಗೆ ಹಚ್ಚುವ ಬಣ್ಣದ ಸಣ್ಣ ಶೀಷೆಯಿತ್ತು. ಬಿಳಿ ಬಣ್ಣ.

"ಅಕ್ಕನ ಗಾಡಿ. ಅಕ್ಕ ಬರಲಿಲ್ವಾ?" ಅಂದ.

"ಇಲ್ಲ, ನಾನು ತಂದೆ."

"ಡ್ರೈವರ್ರಾ?"

ಮಷೀನ್‌ಮ್ಯಾನ್ "ಹೂಂ," ಅಂದುಬಿಟ್ಟ.

"ಈ ಸಲ ಏನು ನೋಡಬೇಕಂತೆ?"

"ಏನೂ ಇಲ್ಲ. ಈ ಬಿಳಿ ಗೀಟು ಎಲ್ಲ ಕಡೆ ಇದೆಯಲ್ಲ, ಅದೇನು ಅಂತ ಕೇಳಬೇಕಿತ್ತು."

ಮೇಸ್ತ್ರಿಗೆ ತನ್ನ ಕಸುಬಿನ ಬಗ್ಗೆ ಕೇಳುವವರು ಸಿಕ್ಕಿದ್ದು ಖುಷಿಯಾಯಿತು. ತಲೆಕೆಳಗು ಮಾಡಿದ್ದ ಬಕೆಟ್ಟನ್ನು ಕಾಲಿನಿಂದ ಇವನ ಕಡೆ ನೂಕಿ, ತಾನು ಟೈರಿನ ಮೇಲೆ ಕೂತ.

"ಅದೊಂದು ಕತೆ. ಐದಾರು ತಿಂಗಳ ಹಿಂದೆ ಒಂದು ಬೆಳಿಗ್ಗೆ ಅಕ್ಕ ಈ ಗಾಡೀನ ಫಸ್ಟ್ ಗೇರಲ್ಲಿ ತೆವಳಿಸ್ಕೊಂಡು ಬಂದ್ರು. ಬ್ರೇಕ್ ಹಿಡೀಲಿಲ್ಲ ಅಂದ್ರು. ಬಿಚ್ಚಿ ನೋಡ್ತೀನಿ, ಹೊಸಾ ಪ್ಯಾಡು, ಆದ್ರೆ ಎಣ್ಣೇಲಿ ತೋಯ್ದುಹೋಗಿದೆ. ಸೋರಿದ್ದಲ್ಲ ಸರ್, ಬೇಕಂತ ಬಿಟ್ಟಿದ್ದು. ನಾನು ಈ ಕೆಲಸಕ್ಕೆ ಬಂದು ಇಪ್ಪತ್ತು ವರ್ಷ ಆಯ್ತು, ಇಂಥಾದ್ದು ನೋಡಿರಲಿಲ್ಲ. ಯಾವ ಗ್ಯಾರೇಜಿನವನು ಹೇಳಿ, ಹೋಗಿ ನಾಲ್ಕು ಬಿಡ್ತೀನಿ ಅಂದೆ. ಅಕ್ಕ ಬಾಯಿ ಬಿಡಲಿಲ್ಲ. ನಂಗೊತ್ತಿಲ್ಲ ಅಂದ್ರು."

ಮಷೀನ್‌ಮ್ಯಾನ್ ಬಕೆಟ್ಟಿನ ಮೇಲೆ ಕೂತ.

"ಪ್ಯಾಡು ಸಿಕ್ಕಿದ್ದು ಸಂಜೆಗೆ, ಬೇರೆ ಹಾಕಿ ತಡವಾಗಿ ಕಳಿಸಿದೆ. ಅವತ್ತಿಂದ ಅಕ್ಕನಿಗೆ ಹೆದರಿಕೆ ಹೊಕ್ಕುಬಿಟ್ಟಿದೆ. ಎಲ್ಲೇ ಏನೇ ಕೆಲಸ ಮಾಡಿಸಿದ್ರೂ ಮಾರನೇ ದಿನ ಇಲ್ಲಿ ಹಾಜರು. ಇಂಥಿಂಥಾ ಕಡೆ ಕೈ ಹಾಕಿದಾರೆ, ಒಂದ್ಸಲ ನೋಡಿ ಅಂತ ಚೀಟಿ ಹಿಡ್ಕೊಂಡು ಬರ್ತಾರೆ."

"ಅದನ್ನೆಲ್ಲ ಮತ್ತೆ ಬಿಚ್ಚಿ ಸರಿಮಾಡಿ ಗೀಟು ಹಾಕಿದೀರಿ."

"ಬಿಚ್ಚೋದಾ? ಯಾಕೆ ಬಿಚ್ಚಲಿ?" ಮೇಸ್ತ್ರಿ ಜೇಬಿನ ಶೀಷೆಯನ್ನು ತಟ್ಟಿದ. "ಗೀಟು ಅಂದ್ರೆ ನಾನು ನೋಡಿದೀನಿ, ಸರಿಯಾಗಿದೆ ಅಂತ. ಪ್ಯಾಡು ಒಂದು ಬಿಟ್ರೆ ಈ ಗಾಡೀಲಿ ನಾನು ಒಂದು ಸ್ಕ್ರೂನೂ ತಿರುಗಿಸಿಲ್ಲ. ಆಮೇಲೆ ಅಕ್ಕ ಗ್ಯಾರೇಜು ಬದಲಾಯಿಸಿರಬೇಕು. ಈಗ ಮಾಡ್ತಿರೋನು ಯಾರೋ, ಅವನ ಕೈ ಬೇರೆ. ಹೋಸಿನ ಕ್ಲಿಪ್ಪು ನೋಡಿ, ಎಷ್ಟು ನೀಟಾಗಿ ಕೂತಿದೆ. ಕೇಬಲ್ಲು ಎಲ್ಲೂ ತಾಗದ ಹಾಗೆ ಕಟ್ಟಿದಾನೆ. ಅವಸರದೋನಲ್ಲ. ನೋಡೋದಕ್ಕೆ ಕೂಲಿ ಬೇಡ ಅಂತ ನಾನು ಅಕ್ಕನಿಗೆ ಹತ್ತು ಸಲ ಹೇಳಿದೆ, ಕೇಳಲ್ಲ, ಇಟ್ಟೇ ಹೋಗ್ತಾರೆ. ಆ ಮನುಷ್ಯ ಎಲ್ಲಿ ಕೂತಿದಾನೆ ಅಂತ ನಿಮಗೆ ಗೊತ್ತಿದ್ರೆ ಹೇಳಿ. ನನ್ನ ಹತ್ರ ಅಂಥೋನು ಒಬ್ಬನೂ ಇಲ್ಲ. ನಾಳೆನೇ ಕೆಲಸಕ್ಕೆ ಕರೀತೀನಿ."

ಎಂಟು ತಿಂಗಳಿಂದ ಮಷೀನ್‌ಮ್ಯಾನ್ ಯಾವ ಮಾತಿಗೆ ಬಾಯಾರಿ ಕೂತಿದ್ದನೋ ಆ ಮಾತು ತಾನಾಗಿ ಬಂದು ಮುಂದೆ ನಿಂತಿತ್ತು, ಅದೂ ಬಲ್ಲವನ ಬಾಯಿಂದ. ಅದು ನಾನೇ ಎಂದು ಹೇಳಿದರೆ ಮುಗಿಯಿತು. ಎಣ್ಣೆಯವನು ಬೇರೆ, ನಾನು ಬೇರೆ ಎಂದು ಬಿಟ್ಟುಬಿಡಬಹುದಿತ್ತು. ಮೇಸ್ತ್ರಿಯೇ ಅವರಿಬ್ಬರನ್ನು ಬೇರೆ ಮಾಡಿಕೊಟ್ಟಿದ್ದ. ಆದರೆ ಅವತ್ತು ಗೋಡೆಗೆ ಕೈ ಕೊಟ್ಟು ನಿಂತಿದ್ದವಳ ಮುಖ ಕಣ್ಣಿಗೆ ಕಟ್ಟಿತು. ಸದ್ದು ನಿಂತಿತಾ ಎಂದು ತಾನು ಕೇಳಿದ್ದೂ ನೆನಪಾಯಿತು.

"ಇಬ್ಬರೂ ನಾನೇ," ಅಂದ. "ನಾನು ಡ್ರೈವರ್ ಅಲ್ಲ. ಅವರ ಯಜಮಾನ."

ಮೇಸ್ತ್ರಿ ಅವನನ್ನು ಮೇಲಿನಿಂದ ಕೆಳಗೆ ನೋಡಿದ. ಷೆಡ್ಡಿನೊಳಗೆ ಯಾರೋ ಬಡಿಯುತ್ತಿದ್ದ ಸುತ್ತಿಗೆ ಒಂದೆರಡು ಪೆಟ್ಟು ಹಾಕಿ ನಿಂತಿತು.

"ಎಣ್ಣೆ ಯಾಕೆ ಬಿಟ್ರಿ?"

"ಕಿರುಗುಡ್ತಿತ್ತು. ನಾನು ಮೂವತ್ತೊಂದು ವರ್ಷ ಅಚ್ಚಿನ ಯಂತ್ರದ ಮುಂದೆ ಇದ್ದೋನು. ಅಲ್ಲಿ ಕಿರುಗುಟ್ಟಿದ್ದಕ್ಕೆಲ್ಲ ಎಣ್ಣೆ."

"ಗಾಡೀಲೂ ಎಲ್ಲಿ ಬೇಕಾದ್ರೂ ಬಿಡಬಹುದು ಸರ್. ಒಂದೇ ಒಂದು ಜಾಗಕ್ಕೆ ಬಿಡಬಾರದು. ನೀವು ಅಲ್ಲೇ ಬಿಟ್ರಿ."

ಕೆಲಸಕ್ಕೆ ಕರೆಯುವ ಮಾತನ್ನು ಮೇಸ್ತ್ರಿ ಮತ್ತೆ ಎತ್ತಲಿಲ್ಲ, ಇವನೂ ಕೇಳಲಿಲ್ಲ. ಎದ್ದು ಹೊರಟಾಗ ಮೇಸ್ತ್ರಿ ಬಾಗಿಲವರೆಗೆ ಬಂದ. "ಆ ಪ್ಯಾಡೂ ಸವೆದಿರಬೇಕು, ಬದಲಾಯಿಸಿಬಿಡಿ. ಹೊಸದು ಎರಡು ದಿನ ಕಿರುಗುಡುತ್ತೆ, ಆಮೇಲೆ ತಾನೇ ನಿಲ್ಲುತ್ತೆ," ಅಂದ. ಹೊಸ ಜೊತೆಯೊಂದನ್ನು ತಾನು ಕೊಂಡಷ್ಟೇ ಬೆಲೆಗೆ ಕೊಟ್ಟ.

ಸಂಜೆ ಹೆಂಡತಿ ಬಂದಾಗ ಅವನು ಊಟದ ಮೇಜಿನ ಮುಂದೆ ಕೂತಿದ್ದ. ತಾಯಿ ಮೂಲೆಯ ಕುರ್ಚಿಯಲ್ಲಿ ತೂಕಡಿಸುತ್ತಿದ್ದಳು.

"ನಿನ್ನ ಕಚೇರಿ ಹಿಂದಿನ ಗ್ಯಾರೇಜಿಗೆ ಹೋಗಿದ್ದೆ," ಅಂದ.

ಅವಳು ಚೀಲವನ್ನು ಮೇಜಿನ ಮೇಲಿಟ್ಟು ಎದುರಿಗೆ ಕೂತಳು. ಒಂದಲ್ಲ ಒಂದು ದಿನ ಇದು ಬರುತ್ತದೆ ಎಂದು ಕಾದಿದ್ದವಳಂತೆ ಕೂತಳು. ಚಪ್ಪಲಿ ಬಿಡುವುದನ್ನೂ ಮರೆತಿದ್ದಳು.

"ಅವತ್ತು ಏನಾಯ್ತು?" ಎಂದು ಅವನು ಕೇಳಿದ.

"ಸ್ಕೂಲ್ ಹತ್ರ ಇಳಿಜಾರಿದೆಯಲ್ಲ, ಅಲ್ಲಿ ಮಕ್ಕಳು ರಸ್ತೆ ದಾಟ್ತಿದ್ರು. ತುಳಿದೆ, ನಿಲ್ಲಲಿಲ್ಲ. ಇನ್ನೂ ಒತ್ತಿ ತುಳಿದೆ, ಜಾರ್ಕೊಂಡು ಹೋಗ್ತಾನೇ ಇತ್ತು. ಹ್ಯಾಂಡ್‌ಬ್ರೇಕ್ ಎಳೆದೆ. ನಿಂತಾಗ ಒಂದು ಹುಡುಗಿಯ ಬ್ಯಾಗು ಬಾನೆಟ್ಟಿಗೆ ತಾಗಿತ್ತು. ಬ್ಯಾಗು ಅಷ್ಟೇ. ಅವಳು ತಿರುಗಿ ನನ್ನ ನೋಡಿ, ಹೊರಟುಹೋದಳು. ನಾನು ಇಳಿದು ಫುಟ್‌ಪಾತ್ ಮೇಲೆ ಕೂತುಬಿಟ್ಟೆ."

ಅವನು ಮೇಜಿನ ಅಂಚನ್ನು ಹಿಡಿದುಕೊಂಡ. ಆ ಬ್ಯಾಗು ಮತ್ತು ಬಾನೆಟ್ಟು ಎರಡೂ ಅವನ ಕಣ್ಣ ಮುಂದೆ ಬಂದವು. ಗಾಡಿ ಒಂದು ಗೇಣು ಮುಂದೆ ಹೋಗಿದ್ದರೆ?

"ಮನೆಗೆ ಬಂದು ನನ್ನ ಕೆನ್ನೆಗೆ ಎರಡು ಬಿಡಬೇಕಿತ್ತು ನೀನು."

"ಬಿಡಬೇಕು ಅಂತಲೇ ಬಂದೆ. ನೀವು ಬಾಗಿಲಲ್ಲೇ ನಿಂತಿದ್ರಿ. ಕೈಗೆ ಬಟ್ಟೆ ಸುತ್ಕೊಂಡಿದ್ರಿ. ಸದ್ದು ನಿಂತಿದೆ ತಾನೇ ಅಂತ ಕೇಳಿದ್ರಿ. ಪ್ರೆಸ್ಸು ಮುಚ್ಚಿದ ಮೇಲೆ ನಿಮ್ಮ ಮುಖದಲ್ಲಿ ಆ ಕಳೆ ನಾನು ನೋಡಿದ್ದು ಅವತ್ತೇ. ಬಾಯಿ ಬರಲಿಲ್ಲ."

"ಹೋಗಲಿ, ಆಮೇಲಿಂದೆಲ್ಲ ಸರಿಯಾಗಿತ್ತಂತೆ. ಮೇಸ್ತ್ರಿ ಹೇಳಿದ. ಅದನ್ನಾದರೂ ಹೇಳಬಹುದಿತ್ತಲ್ಲ. ಐದು ತಿಂಗಳು ನನಗೆ ಬೇಕಾಗಿದ್ದು ಅದೊಂದು ಮಾತು."

"ಗೊತ್ತು," ಅಂದಳು. "ಹೇಳಬೇಕು ಅಂತ ಹತ್ತು ಸಲ ಅಂದ್ಕೊಂಡೆ. ಮೇಸ್ತ್ರಿ ನಿಮ್ಮ ಕೈ ಹೊಗಳಿದ ಅಂತ ಹೇಳಬೇಕಿದ್ರೆ, ನಿಮ್ಮ ಕೈ ನಂಬದೆ ಅವನ ಹತ್ರ ಹೋದೆ ಅಂತಲೂ ಹೇಳಬೇಕಲ್ಲ. ಅದು ಹೇಗೆ ಹೇಳ್ಲಿ?"

ಅವಳು ಆಗ ಚಪ್ಪಲಿ ಬಿಟ್ಟಳು. ತಾಯಿ ಎಚ್ಚರಾಗಿ ಊಟವಾಯಿತೇ ಎಂದು ಕೇಳಿದಳು. ಇಲ್ಲ ಎಂದು ಇಬ್ಬರೂ ಒಟ್ಟಿಗೇ ಹೇಳಿದರು.

ಭಾನುವಾರ ಅವನು ಹೊಸ ಪ್ಯಾಡು ಹಾಕಿದ. ಯಾವತ್ತಿಗಿಂತ ನಿಧಾನವಾಗಿ ಹಾಕಿದ, ಪ್ರತಿ ಬೋಲ್ಟನ್ನೂ ಎರಡೆರಡು ಸಲ ನೋಡಿದ. ಬೀದಿಗೆ ತೆಗೆದು ತುಳಿದರೆ ಕಿರ್ರ್ ಎಂದವು. ಅವನ ಕೈ ಎಣ್ಣೆಡಬ್ಬಿಯ ಕಡೆ ಹೋಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೋಯಿತು, ಅರ್ಧಕ್ಕೆ ವಾಪಸ್ ಬಂತು. ಈ ಸಲ ನಡಿಗೆಯ ವೇಗದಲ್ಲಿ ನೋಡಿ ಸುಮ್ಮನಾಗಲಿಲ್ಲ. ದೊಡ್ಡ ರಸ್ತೆಗೆ ಹೋಗಿ, ಹಿಂದೆ ಮುಂದೆ ಯಾರೂ ಇಲ್ಲದ ಕಡೆ ವೇಗ ಹತ್ತಿಸಿ, ಮೂರು ಸಲ ಗಕ್ಕನೆ ನಿಲ್ಲಿಸಿ ನೋಡಿದ. ಮೂರು ಸಲವೂ ನಿಂತಿತು.

ಸೋಮವಾರ ಬೆಳಿಗ್ಗೆ ಹೆಂಡತಿ ಗಾಡಿ ಹತ್ತಿ ಕೂತಳು. ಅವನು ಕಿಟಕಿಯ ಬಳಿ ಬಗ್ಗಿದ.

"ಪ್ಯಾಡು ಹೊಸದು ಹಾಕಿದೀನಿ. ಎರಡು ದಿನ ಸದ್ದು ಬರುತ್ತೆ. ಬರಲಿ."

"ಹೂಂ."

"ನಾನು ನೋಡಿದೀನಿ, ಚೆನ್ನಾಗಿ ಹಿಡಿಯುತ್ತೆ. ಆದ್ರೂ ಮೇಸ್ತ್ರಿಗೆ ಒಂದ್ಸಲ ತೋರಿಸ್ಕೊಂಡು ಹೋಗು."

ಹೇಳಿದವನು ಕಿಟಕಿ ಬಿಟ್ಟು ಕದಲಲಿಲ್ಲ. ಬೇಡ ಬಿಡಿ, ನೀವು ಹಾಕಿದೀರಲ್ಲ, ಅಷ್ಟು ಸಾಕು ಎಂದು ಅವಳು ಅನ್ನುತ್ತಾಳೇನೋ ಎಂದು ಕಾದ. ಅವನು ಆ ಮಾತು ಆಡಿದ್ದೇ ಹಾಗೆ ಅನ್ನಿಸಿಕೊಳ್ಳುವುದಕ್ಕೆ. ಅವಳು ಬೆಲ್ಟು ಹಾಕಿಕೊಂಡಳು. ಕನ್ನಡಿ ಸರಿಮಾಡಿಕೊಂಡಳು. ಅವನ ಮುಖ ನೋಡಿದಳು.

"ತೋರಿಸ್ತೀನಿ," ಅಂದಳು.

ಅವನಿಗೆ ನೋವಾಯಿತು. ನೋವಾದದ್ದು ಅವಳಿಗೂ ಕಂಡಿತು. ಅವಳು ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಏನಂದ ಅಂತ ಈ ಸಲ ಮನೆಗೆ ಬಂದು ಹೇಳ್ತೀನಿ. ಚೆನ್ನಾಗಿದೆ ಅಂದ್ರೂ ಹೇಳ್ತೀನಿ, ಇಲ್ಲ ಅಂದ್ರೂ ಹೇಳ್ತೀನಿ."

ಅವನು ತಲೆಯಾಡಿಸಿ, ಹೋಗಿ ಗೇಟು ತೆಗೆದ. ಗಾಡಿ ಬೀದಿಗೆ ಇಳಿದು ತಿರುವಿನಲ್ಲಿ ಮರೆಯಾಯಿತು. ಆ ದಿನ ಸಂಜೆ ಆರಕ್ಕೆ ಅವಳು ಬರುವವರೆಗೆ ಅವನಿಗೆ ಯಾವ ಕೆಲಸಕ್ಕೂ ಮನಸ್ಸು ಹತ್ತಲಿಲ್ಲ.